ಮನೆ ರೆಕಾರ್ಡಿಂಗಿಗೆ ಡ್ರಮ್ ಪ್ಯಾಡ್: ಕಡಿಮೆ ಖರ್ಚಿನಲ್ಲಿ ಸರಿಯಾದುದನ್ನು ಆರಿಸುವುದು, ಪರೀಕ್ಷಿಸುವುದು, ಕೊಡಗಿನ ಮಳೆಯಲ್ಲಿ ಕಾಪಾಡುವುದು

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೆ ಮೈಕ್ ಇಟ್ಟು ತಾಳವಾದ್ಯ ರೆಕಾರ್ಡ್ ಮಾಡುವುದು ಬಹಳ ಕಷ್ಟ. ಹೆಂಚಿನ ಮೇಲೋ ತಗಡಿನ ಮೇಲೋ ಬೀಳುವ ಮಳೆಯ ಸದ್ದು ಪ್ರತಿ ಟ್ರ್ಯಾಕಿನೊಳಗೂ ನುಗ್ಗುತ್ತದೆ. ಮಳೆ ನಿಂತ ಸಂಜೆ ಜೀರುಂಡೆಗಳು ಶುರು ಮಾಡುತ್ತವೆ. ಡ್ರಮ್ ಪ್ಯಾಡ್ ಕಂಟ್ರೋಲರ್‌ಗೆ ಈ ತೊಂದರೆ ತಟ್ಟುವುದಿಲ್ಲ, ಏಕೆಂದರೆ ಅದು ಸದ್ದನ್ನು ಹಿಡಿಯುವುದೇ ಇಲ್ಲ. ಯಾವ ಪ್ಯಾಡ್, ಯಾವ ಕ್ಷಣ, ಎಷ್ಟು ಜೋರು ಎಂಬುದಷ್ಟನ್ನೇ ಮಿಡಿ (ವಾದ್ಯ ಮತ್ತು ಕಂಪ್ಯೂಟರ್ ನಡುವಿನ ಸಂಕೇತ ಭಾಷೆ) ಸಂದೇಶವಾಗಿ ಕಂಪ್ಯೂಟರಿಗೆ ಕಳಿಸುತ್ತದೆ. ಸದ್ದು ಹುಟ್ಟುವುದು ಕಂಪ್ಯೂಟರಿನ ಸಾಫ್ಟ್‌ವೇರ್‌ನಲ್ಲಿ.

ಕೊಳ್ಳುವ ಮುನ್ನ ಇದೊಂದು ಮಾತು ಮನಸ್ಸಿಗೆ ಇಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಹತ್ತು ಸಾವಿರದ ಪ್ಯಾಡ್‌ನಿಂದ ಬರುವ ಸ್ನೇರ್ ಸದ್ದೂ ನಲವತ್ತು ಸಾವಿರದ ಪ್ಯಾಡ್‌ನಿಂದ ಬರುವ ಸ್ನೇರ್ ಸದ್ದೂ, ಸಾಫ್ಟ್‌ವೇರ್ ಒಂದೇ ಆಗಿದ್ದರೆ, ಒಂದೇ. ನೀವು ದುಡ್ಡು ಕೊಡುತ್ತಿರುವುದು ರಬ್ಬರಿನ ಕೆಳಗಿರುವ ಸೆನ್ಸರ್‌ಗೆ. ನಿಮ್ಮ ಬೆರಳಿನ ಮೆಲುಪೆಟ್ಟನ್ನೂ ಜೋರು ಪೆಟ್ಟನ್ನೂ ಅದು ಎಷ್ಟು ನಿಖರವಾಗಿ ಬೇರ್ಪಡಿಸುತ್ತದೆ, ಎಲ್ಲ ಪ್ಯಾಡ್‌ಗಳಲ್ಲೂ ಒಂದೇ ಸಮ ಬೇರ್ಪಡಿಸುತ್ತದೆಯೇ ಎಂಬುದೇ ಅಳತೆ. ಬಣ್ಣದ ದೀಪ, ತಿರುಗುಗುಬ್ಬಿಗಳ ಸಂಖ್ಯೆ, ಜೊತೆಗೆ ಕೊಡುವ ಸಾವಿರಾರು ಸ್ಯಾಂಪಲ್‌ಗಳ (ಮೊದಲೇ ರೆಕಾರ್ಡ್ ಮಾಡಿಟ್ಟ ಸಣ್ಣ ಸದ್ದುಗಳ) ಜಾಹೀರಾತು ಎಲ್ಲ ಆಮೇಲೆ.

ಬೆರಳೋ ಕೋಲೋ

ಎರಡು ಜಾತಿಯ ಪ್ಯಾಡ್‌ಗಳಿವೆ, ಇವುಗಳನ್ನು ಬೆರೆಸಿಕೊಳ್ಳಬಾರದು. ಬೆರಳಿನಿಂದ ತಟ್ಟುವ ಪ್ಯಾಡ್‌ಗಳಲ್ಲಿ ಸಾಮಾನ್ಯವಾಗಿ ಒತ್ತಡಕ್ಕೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ತೆಳು ಹಾಳೆ ಇರುತ್ತದೆ. 1988ರಲ್ಲಿ ಬಂದ ಆಕಾಯ್ ಎಂಪಿಸಿ 60 ಯಂತ್ರ ನಾಲ್ಕು ಸಾಲು, ಸಾಲಿಗೆ ನಾಲ್ಕರಂತೆ 16 ಪ್ಯಾಡ್‌ಗಳ ಜೋಡಣೆಯನ್ನು ಜನಪ್ರಿಯ ಮಾಡಿತು. ಇಂದಿನ ಬಹುಪಾಲು ಬೆರಳು ಪ್ಯಾಡ್‌ಗಳು ಅದೇ ವಿನ್ಯಾಸ ಅನುಸರಿಸುತ್ತವೆ. ಇವನ್ನು ಡ್ರಮ್ ಕೋಲಿನಿಂದ ಹೊಡೆದರೆ ಒಳಗಿನ ಹಾಳೆ ಹಾಳಾಗುತ್ತದೆ.

ಕೋಲಿನಿಂದ ಬಾರಿಸುವ ಪ್ಯಾಡ್‌ಗಳಲ್ಲಿ ಸಾಮಾನ್ಯವಾಗಿ ಪೀಜೋ ಸೆನ್ಸರ್ ಇರುತ್ತದೆ, ಅದು ಕಂಪನವನ್ನು ಅಳೆಯುತ್ತದೆ. ಅಲೆಸಿಸ್ ಸ್ಯಾಂಪಲ್‌ಪ್ಯಾಡ್ 4, ಯಮಾಹಾ ಡಿಡಿ-75 ಈ ಗುಂಪಿನವು. ಇವುಗಳೊಳಗೇ ಸದ್ದು ಇರುವುದರಿಂದ ಕಂಪ್ಯೂಟರ್ ಇಲ್ಲದೆಯೂ ನುಡಿಯುತ್ತವೆ. ಆದರೆ ಡಿಡಿ-75ರಂಥ ಯಂತ್ರದಲ್ಲಿ ಹಳೆಯ ಐದು ಪಿನ್ನಿನ ದುಂಡನೆ ಮಿಡಿ ಸಾಕೆಟ್ ಇರುತ್ತದೆ. ಲ್ಯಾಪ್‌ಟಾಪಿಗೆ ಜೋಡಿಸಲು ಯುಎಸ್‌ಬಿ-ಮಿಡಿ ಇಂಟರ್‌ಫೇಸ್ ಬೇರೆ ಕೊಳ್ಳಬೇಕು. ಆ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ. ಕೋಲಿನ ಪೆಟ್ಟು ನೆಲಕ್ಕೂ ಇಳಿಯುತ್ತದೆ. ಮರದ ಅಟ್ಟವಿರುವ ಹಳೆಯ ಮನೆಯ ಮೇಲ್ಮಹಡಿಯಲ್ಲಿ ಬಾರಿಸಿದರೆ ಕೆಳಗಿನವರಿಗೆ ರಾತ್ರಿ ನಿದ್ದೆ ಬರುವುದಿಲ್ಲ.

ಕೋಲು ಹಿಡಿದು ಅಭ್ಯಾಸವಿದ್ದವರಿಗೆ ಮಾತ್ರ ಎರಡನೆಯದು. ಹಾಡಿಗೆ ತಾಳ ಕೂಡಿಸುವುದು, ಕಿರುಚಿತ್ರಕ್ಕೆ ಹಿನ್ನೆಲೆ ಕಟ್ಟುವುದು, ಕೀಬೋರ್ಡ್ ಜೊತೆ ರಿದಮ್ ಹಾಕುವುದು ನಿಮ್ಮ ಕೆಲಸವಾದರೆ ಬೆರಳಿನ ಪ್ಯಾಡ್ ಸಾಕು, ಖರ್ಚೂ ಕಡಿಮೆ. ಮುಂದಿನ ವಿವರವೆಲ್ಲ ಅದರದ್ದೇ.

ವಿವರಪಟ್ಟಿಯಲ್ಲಿ ಏನು ಹುಡುಕಬೇಕು

ಮೊದಲ ಪ್ರಶ್ನೆ: ಪ್ಯಾಡ್‌ಗಳು ವೆಲಾಸಿಟಿ ಗುರುತಿಸುತ್ತವೆಯೇ? ಮಿಡಿಯಲ್ಲಿ ಪೆಟ್ಟಿನ ಜೋರು 1ರಿಂದ 127ರವರೆಗಿನ ಒಂದು ಸಂಖ್ಯೆ. ವೆಲಾಸಿಟಿ ಇಲ್ಲದ ಪ್ಯಾಡ್ ಹೇಗೆ ತಟ್ಟಿದರೂ ಒಂದೇ ಸಂಖ್ಯೆ ಕಳಿಸುತ್ತದೆ, ತಾಳ ಜೀವವಿಲ್ಲದೆ ಓಡುತ್ತದೆ. ನೊವೇಷನ್‌ನ ಲಾಂಚ್‌ಪ್ಯಾಡ್ ಮಿನಿಯಲ್ಲಿ 64 ಪ್ಯಾಡ್‌ಗಳಿವೆ, ನೋಡಲು ಆಕರ್ಷಕ, ಆದರೆ ಅವು ವೆಲಾಸಿಟಿ ಗುರುತಿಸುವುದಿಲ್ಲ. ಅದು ಲೂಪ್‌ಗಳನ್ನು ಚಾಲೂ ಮಾಡಲು, ನಿಲ್ಲಿಸಲು ಮಾಡಿದ ಸಾಧನ. ಡ್ರಮ್ ನುಡಿಸಲು ಅದನ್ನು ಕೊಂಡು ನಿರಾಶರಾಗುವವರು ಬಹಳ. ಅದೇ ಕಂಪನಿಯ ಲಾಂಚ್‌ಪ್ಯಾಡ್ ಎಕ್ಸ್‌ನಲ್ಲಿ ವೆಲಾಸಿಟಿ ಇದೆ. ಹೆಸರು ಒಂದೇ ಥರ ಇರುವುದರಿಂದ ಮಾದರಿಯ ಪೂರ್ತಿ ಹೆಸರು ನೋಡಿಯೇ ಆರ್ಡರ್ ಮಾಡಿ.

ಎರಡನೆಯದು ಪ್ಯಾಡ್‌ನ ಗಾತ್ರ ಮತ್ತು ಸಂಖ್ಯೆ. ಕಿಕ್, ಸ್ನೇರ್, ಮುಚ್ಚಿದ ಹೈ-ಹ್ಯಾಟ್, ತೆರೆದ ಹೈ-ಹ್ಯಾಟ್, ಕ್ರ್ಯಾಶ್, ರೈಡ್, ಎರಡು ಟಾಮ್: ಎಂಟಾಯಿತು. ಎಂಟು ಪ್ಯಾಡ್‌ಗಳಲ್ಲಿ ಒಂದು ಕಿಟ್ ಹಿಡಿಯುತ್ತದೆ, ಆದರೆ ಒಂದೇ ಸದ್ದನ್ನು ಎರಡು ಪ್ಯಾಡ್‌ಗೆ ಕೊಟ್ಟು ಎರಡು ಬೆರಳಿನಿಂದ ವೇಗವಾಗಿ ನುಡಿಸಲು ಜಾಗ ಉಳಿಯುವುದಿಲ್ಲ. 16 ಇದ್ದರೆ ಆ ಸೌಕರ್ಯ ಸಿಗುತ್ತದೆ. ದುಡ್ಡು ಬಿಗಿಯಾಗಿದ್ದರೆ ಸಣ್ಣ 16 ಪ್ಯಾಡ್‌ಗಳಿಗಿಂತ ದೊಡ್ಡ ಎಂಟು ಪ್ಯಾಡ್‌ಗಳೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಬೆರಳು ಅಂಚಿಗೆ ಬಿದ್ದಾಗ ಪೆಟ್ಟು ಕಳೆದುಹೋಗುವುದು ಸಣ್ಣ ಪ್ಯಾಡ್‌ಗಳಲ್ಲೇ ಹೆಚ್ಚು.

ಮೂರನೆಯದು ಎಡಿಟರ್ ಸಾಫ್ಟ್‌ವೇರ್ ಇದೆಯೇ ಎಂಬುದು. ಪ್ರತಿ ಪ್ಯಾಡ್‌ನ ನೋಟ್ ನಂಬರ್ (ಯಾವ ಸದ್ದು ನುಡಿಯಬೇಕೆಂದು ಹೇಳುವ ಸಂಖ್ಯೆ), ಎಷ್ಟು ಮೆಲ್ಲನೆ ತಟ್ಟಿದರೆ ಸ್ಪಂದಿಸಬೇಕು ಎಂಬ ಥ್ರೆಶೋಲ್ಡ್, ಪೆಟ್ಟಿನ ಜೋರು ಸಂಖ್ಯೆಯಾಗಿ ಹೇಗೆ ಏರಬೇಕು ಎಂಬ ವೆಲಾಸಿಟಿ ಕರ್ವ್ ಇವನ್ನು ಬದಲಿಸಲು ಬಂದರೆ ಮಧ್ಯಮ ಗುಣಮಟ್ಟದ ಪ್ಯಾಡನ್ನೂ ನಿಮ್ಮ ಬೆರಳಿಗೆ ಹೊಂದಿಸಬಹುದು. ಹೆಸರೇ ಕೇಳದ ಕಂಪನಿಯ ಅಗ್ಗದ ಪ್ಯಾಡ್‌ಗಳು ಹಿಂದೆ ಬೀಳುವುದು ಇಲ್ಲಿ. ಅಂಗಡಿಯಿಂದ ಬಂದ ಸೆಟ್ಟಿಂಗ್ ಹೊಂದದಿದ್ದರೆ ಬೇರೆ ದಾರಿಯೇ ಇರುವುದಿಲ್ಲ.

ಯುಎಸ್‌ಬಿಯಿಂದಲೇ ಕರೆಂಟ್ ಪಡೆಯುವುದು, ಡ್ರೈವರ್ ಹಾಕದೆ ಓಡುವುದು ಈಗ ಹೆಚ್ಚಿನ ಪ್ಯಾಡ್‌ಗಳಲ್ಲಿ ಇದ್ದೇ ಇದೆ. ಖಚಿತಪಡಿಸಿಕೊಂಡರೆ ಸಾಕು.

ಯಾವ ಮಾದರಿ, ಯಾರಿಗೆ

ಆಕಾಯ್ ಎಂಪಿಡಿ 218: 16 ದಪ್ಪ ಪ್ಯಾಡ್, ಬಟನ್ ಒತ್ತಿ ಬದಲಿಸುವ ಮೂರು ಬ್ಯಾಂಕ್ (ಪ್ಯಾಡ್‌ಗಳ ಸದ್ದಿನ ಗುಂಪು) ಸೇರಿ 48 ಸದ್ದು, ಆರು ತಿರುಗುಗುಬ್ಬಿ. ಡ್ರಮ್ ನುಡಿಸುವುದೊಂದೇ ಮುಖ್ಯವಾದವರಿಗೆ ಕಡಿಮೆ ಬೆಲೆಯ ಸಾಲಿನಲ್ಲಿ ಮೊದಲು ನೋಡಬೇಕಾದದ್ದು ಇದೇ. ರಬ್ಬರ್ ಸ್ವಲ್ಪ ಗಟ್ಟಿ, ಮೆಲುಪೆಟ್ಟಿಗೆ ಥ್ರೆಶೋಲ್ಡ್ ಇಳಿಸಿಕೊಳ್ಳಬೇಕಾಗಬಹುದು. ಇದರ ಯುಎಸ್‌ಬಿ ಸಾಕೆಟ್ ಪ್ರಿಂಟರ್‌ಗೆ ಬಳಸುವ ಚೌಕನೆಯ ಬಿ ಮಾದರಿಯದ್ದು. ತಂತಿ ಕಳೆದರೂ ಗೋಣಿಕೊಪ್ಪಲು, ಕುಶಾಲನಗರದ ಕಂಪ್ಯೂಟರ್ ಅಂಗಡಿಯಲ್ಲಿ ಪ್ರಿಂಟರ್ ಕೇಬಲ್ ಎಂದು ಕೇಳಿದರೆ ಸಿಗುತ್ತದೆ.

ಆಕಾಯ್ ಎಲ್‌ಪಿಡಿ 8 ಅದಕ್ಕಿಂತ ಚಿಕ್ಕದು: ಎಂಟು ಪ್ಯಾಡ್, ಎಂಟು ಗುಬ್ಬಿ, ಲ್ಯಾಪ್‌ಟಾಪ್ ಚೀಲದಲ್ಲಿ ಸುಲಭವಾಗಿ ಹಿಡಿಯುತ್ತದೆ. ಕೊರ್ಗ್ ನ್ಯಾನೋಪ್ಯಾಡ್ 2ರಲ್ಲಿ 16 ಪ್ಯಾಡ್‌ಗಳು ಎಂಟೆಂಟರ ಎರಡು ಸಾಲಿನಲ್ಲಿವೆ. ಎಂಪಿಸಿ ಜೋಡಣೆಯ ಪಾಠಗಳನ್ನು ನೋಡಿ ಕಲಿಯುವವರಿಗೆ ಇದು ಗೊಂದಲ ಮಾಡುತ್ತದೆ. ಎರಡು ಕೈಯ ಬೆರಳುಗಳನ್ನು ಸಾಲಾಗಿ ಹರಡಿ ನುಡಿಸುವವರಿಗೆ ಅನುಕೂಲ. ಆರ್ಟೂರಿಯಾ ಬೀಟ್‌ಸ್ಟೆಪ್ ಕೂಡ ಎರಡು ಸಾಲಿನದೇ, ಅದರ ನಿಜವಾದ ಬಲ, ಜೋಡಿಸಿಟ್ಟ ಪೆಟ್ಟುಗಳನ್ನು ತಾನೇ ಸಾಲಾಗಿ ನುಡಿಸುವ ಸ್ಟೆಪ್ ಸೀಕ್ವೆನ್ಸರ್. ಕೀಬೋರ್ಡೂ ಬೇಕು, ಜಾಗ ಕಡಿಮೆ ಎಂದಾದರೆ ಆಕಾಯ್ ಎಂಪಿಕೆ ಮಿನಿಯಲ್ಲಿ 25 ಸಣ್ಣ ಕೀಗಳ ಜೊತೆ ಎಂಟು ಪ್ಯಾಡ್ ಇವೆ. ಹಾಡು ಬರೆಯುವವರಿಗೆ ಅದೊಂದೇ ಸಾಕಾಗುತ್ತದೆ.

ಅಮೆರಿಕದ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಬಜೆಟ್ ಹಾಕಬೇಡಿ. ಆಮದು ಸುಂಕ, ಜಿಎಸ್‌ಟಿ ಸೇರಿ ಇಲ್ಲಿನ ಬೆಲೆ ಬೇರೆಯೇ ಆಗುತ್ತದೆ. ಕೈಯಲ್ಲಿರುವ ದುಡ್ಡನ್ನೆಲ್ಲ ಪ್ಯಾಡಿಗೇ ಸುರಿಯಲೂ ಬೇಡಿ: ತಂತಿಯಿರುವ, ಕಿವಿ ಮುಚ್ಚುವ ಒಂದು ಒಳ್ಳೆಯ ಹೆಡ್‌ಫೋನ್ ಇಲ್ಲದಿದ್ದರೆ ಎಂಥ ಪ್ಯಾಡ್ ತಂದರೂ ನೀವು ನುಡಿಸಿದ್ದು ನಿಮಗೇ ಸರಿಯಾಗಿ ಕೇಳುವುದಿಲ್ಲ.

ಕೈಗೆ ಬಂದ ದಿನವೇ ಮಾಡಬೇಕಾದ ಪರೀಕ್ಷೆ

ಆನ್‌ಲೈನಿನಲ್ಲಿ ಕೊಂಡರೆ ಹಿಂತಿರುಗಿಸುವ ಅವಧಿ ಸಾಮಾನ್ಯವಾಗಿ ಕೆಲವೇ ದಿನ. ತೋಟದೊಳಗಿನ ಮನೆಗೆ ಕೊರಿಯರ್ ಬಾರದೆ ಪಾರ್ಸೆಲ್ ಪೇಟೆಯ ಅಂಗಡಿಯಲ್ಲಿ ಕೂತರೆ ಆ ದಿನಗಳೂ ಲೆಕ್ಕಕ್ಕೆ ಸೇರುತ್ತವೆ. ಆದ್ದರಿಂದ ಪೆಟ್ಟಿಗೆ ತೆರೆಯುವಾಗ ವಿಡಿಯೋ ಮಾಡಿ, ಅದೇ ದಿನ ಪರೀಕ್ಷೆ ಮುಗಿಸಿ.

ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಅಂಗಡಿಗೆ ಹೋಗಿ ಕೊಳ್ಳುವುದಾದರೆ ಒಟಿಜಿ ಕೇಬಲ್ (ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ತಂತಿ) ಮತ್ತು ಮಿಡಿ ಮಾನಿಟರ್ ಆ್ಯಪ್ ಹಾಕಿದ ಆಂಡ್ರಾಯ್ಡ್ ಫೋನ್ ಜೇಬಿನಲ್ಲಿರಲಿ. ಆಂಡ್ರಾಯ್ಡ್ 6ರಿಂದ ಈಚೆಗೆ ಮಿಡಿ ಬೆಂಬಲವಿದೆ. ಕೆಲವು ಫೋನ್‌ಗಳು ಬಹಳ ದೀಪಗಳಿರುವ ಪ್ಯಾಡಿಗೆ ಸಾಕಷ್ಟು ಕರೆಂಟ್ ಕೊಡಲಾರವು ಎಂಬುದು ನೆನಪಿರಲಿ. ಕಂಪ್ಯೂಟರಿನಲ್ಲಾದರೆ ವಿಂಡೋಸ್‌ಗೆ ಮಿಡಿ-ಆಕ್ಸ್, ಮ್ಯಾಕ್‌ಗೆ ಮಿಡಿ ಮಾನಿಟರ್. ಎರಡೂ ಉಚಿತ. ಪ್ರತಿ ಪೆಟ್ಟಿಗೂ ನೋಟ್ ನಂಬರ್, ವೆಲಾಸಿಟಿ ಪರದೆಯ ಮೇಲೆ ಒಂದು ಸಾಲಾಗಿ ಬರುತ್ತವೆ.

ಶುರು ಮಾಡುವ ಮುನ್ನ ಪ್ಯಾಡ್‌ನಲ್ಲಿ ಫುಲ್ ಲೆವೆಲ್ ಎಂಬ ಬಟನ್ ಇದ್ದರೆ ಅದು ಆರಿದೆಯೇ ನೋಡಿ. ಅದು ಹತ್ತಿದ್ದರೆ ಎಲ್ಲ ಪೆಟ್ಟೂ 127 ಆಗಿಯೇ ಬರುತ್ತದೆ, ಒಳ್ಳೆಯ ಪ್ಯಾಡನ್ನೂ ಕೆಟ್ಟದ್ದೆಂದು ವಾಪಸ್ ಕಳಿಸುವ ಹಾಗಾಗುತ್ತದೆ. ಆಮೇಲೆ ಈ ಕ್ರಮ:

1. ತೋರುಬೆರಳಿನ ತುದಿಯಿಂದ ಎಷ್ಟು ಮೆಲ್ಲನೆ ಸಾಧ್ಯವೋ ಅಷ್ಟು ಮೆಲ್ಲನೆ ತಟ್ಟಿ. 30ಕ್ಕಿಂತ ಕೆಳಗಿನ ಸಂಖ್ಯೆಗಳು ಸಲೀಸಾಗಿ ಬರಬೇಕು. ಪ್ಯಾಡ್ ಎಚ್ಚರಗೊಳ್ಳುವುದೇ 50ರಿಂದ ಎಂದಾದರೆ ಸ್ನೇರ್‌ನ ಮೆಲು ಪೆಟ್ಟುಗಳು, ತಬಲಾದ ಒಳಪೆಟ್ಟುಗಳು ಯಾವುವೂ ನಿಮ್ಮ ರೆಕಾರ್ಡಿಂಗಿನಲ್ಲಿ ಬರುವುದಿಲ್ಲ. ಎಡಿಟರ್‌ನಲ್ಲಿ ಥ್ರೆಶೋಲ್ಡ್ ಇಳಿಸಿ ಮತ್ತೆ ನೋಡಿ.

2. ಒಂದು ಪ್ಯಾಡಿಗೆ ಹತ್ತು ಪೆಟ್ಟು, ಒಂದೇ ಜೋರಿನಲ್ಲಿ. ಎಲ್ಲ ಪ್ಯಾಡ್‌ಗಳಿಗೂ ಹೀಗೆ ಮಾಡಿ, ಸರಾಸರಿ ಬರೆದಿಡಿ. ಕೈಯ ವ್ಯತ್ಯಾಸದಿಂದಲೇ ಹತ್ತು ಹದಿನೈದು ಅಂಕ ಆಚೀಚೆ ಆಗುವುದು ಸಹಜ. ಒಂದು ಪ್ಯಾಡ್ ಮಾತ್ರ ಪ್ರತಿ ಸಲವೂ ಉಳಿದವಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಅಂಕ ಕೆಳಗಿದ್ದರೆ ಅದು ಸೆನ್ಸರ್ ದೋಷ. ಹಿಂದಕ್ಕೆ ಕಳಿಸಲು ಇದೊಂದೇ ಕಾರಣ ಸಾಕು.

3. ಪ್ಯಾಡ್‌ನ ನಾಲ್ಕು ಮೂಲೆಗಳಲ್ಲಿ ತಟ್ಟಿ. ನಡುವಿಗಿಂತ ಕಡಿಮೆ ಬರುವುದು ಎಲ್ಲ ಪ್ಯಾಡ್‌ಗಳಲ್ಲೂ ಇದೆ. ಏನೂ ಬಾರದೆ ಇರಬಾರದು.

4. ಒಂದನ್ನು ಜೋರಾಗಿ ಹೊಡೆದು ಪಕ್ಕದ ಪ್ಯಾಡ್‌ನ ನಂಬರ್ ಕೂಡ ಬಂತೇ ನೋಡಿ. ಬಂದರೆ ಕಂಪನ ದಾಟುತ್ತಿದೆ ಎಂದರ್ಥ. ಅಲುಗಾಡುವ ಮೇಜಿನ ಮೇಲೂ ಹೀಗಾಗುತ್ತದೆ. ಮಡಚಿದ ದಪ್ಪ ಟವೆಲ್ ಕೆಳಗೆ ಹಾಕಿ ಇನ್ನೊಮ್ಮೆ ಪರೀಕ್ಷಿಸಿ, ಆಗಲೂ ಬಂದರೆ ಪ್ಯಾಡ್‌ನದೇ ತಪ್ಪು.

5. ಒಂದೇ ಪೆಟ್ಟಿಗೆ ಎರಡು ನೋಟ್ ಬರುತ್ತಿವೆಯೇ? 20-30 ಮಿಲಿಸೆಕೆಂಡ್ ಅಂತರದಲ್ಲಿ ಅದೇ ನಂಬರ್ ಮತ್ತೆ ಬಂದರೆ ಅದು ಡಬಲ್ ಟ್ರಿಗರ್. ಥ್ರೆಶೋಲ್ಡ್ ಒಂದೆರಡು ಹೆಜ್ಜೆ ಏರಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಮೆಲುಪೆಟ್ಟು ಕಳೆದುಹೋಗುವಷ್ಟು ಏರಿಸಬೇಕಾಗಿ ಬಂದರೆ ಆ ಪ್ಯಾಡ್ ಬೇಡ.

6. ಕಿಕ್‌ಗೆ ಒಂದು ಕೈ, ಹೈ-ಹ್ಯಾಟ್‌ಗೆ ಇನ್ನೊಂದು ಕೈ, ಎರಡನ್ನೂ ಒಟ್ಟಿಗೆ ತಟ್ಟಿ. ಇಪ್ಪತ್ತು ಜೋಡಿ ಪೆಟ್ಟಿಗೆ ನಲವತ್ತು ನೋಟ್ ಬರಬೇಕು, ಒಂದೂ ತಪ್ಪಬಾರದು.

ವೇಗದ ಪರೀಕ್ಷೆಯನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಇದರಲ್ಲಿ ತಪ್ಪು ಎಷ್ಟೋ ಸಲ ಪ್ಯಾಡ್‌ನದಲ್ಲ. 120ರ ಟೆಂಪೋದಲ್ಲಿ ಹದಿನಾರನೆಯ ನೋಟ್‌ಗಳ ನಡುವೆ 125 ಮಿಲಿಸೆಕೆಂಡ್ ಅಂತರ, ಮೂವತ್ತೆರಡರಲ್ಲಿ 62.5. ಎರಡು ಬೆರಳನ್ನು ಒಂದೇ ಪ್ಯಾಡ್ ಮೇಲೆ ಸರದಿಯಂತೆ ಆಡಿಸುವಾಗ ಮೊದಲ ಬೆರಳು ಪೂರ್ತಿ ಏಳುವ ಮುನ್ನ ಎರಡನೆಯದು ಬಿದ್ದರೆ, ಒತ್ತಡ ಇನ್ನೂ ಇಳಿಯದ ಕಾರಣ ಸೆನ್ಸರ್ ಅದನ್ನು ಹೊಸ ಪೆಟ್ಟೆಂದು ಎಣಿಸದೆ ಹೋಗಬಹುದು. ದುಬಾರಿ ಪ್ಯಾಡ್‌ಗಳಲ್ಲೂ ಇದು ಇದೆ. ಪಕ್ಕಪಕ್ಕದ ಎರಡು ಪ್ಯಾಡ್‌ಗಳಿಗೆ ಒಂದೇ ನೋಟ್ ನಂಬರ್ ಕೊಟ್ಟು, ಬೆರಳಿಗೊಂದು ಪ್ಯಾಡ್ ಮಾಡಿಕೊಳ್ಳುವುದೇ ಪರಿಹಾರ.

ಪ್ಯಾಡ್ ಒತ್ತಿ ಹಿಡಿದರೆ ಪರದೆಯ ಮೇಲೆ ಸಾಲುಗಳು ಹೊಳೆಯಂತೆ ಹರಿದರೆ ಗಾಬರಿ ಬೇಡ, ಅದು ಆಫ್ಟರ್‌ಟಚ್, ಒತ್ತಿ ಹಿಡಿದ ಒತ್ತಡದ ಸಂದೇಶ. ಡ್ರಮ್‌ಗೆ ಅದರ ಅಗತ್ಯವಿಲ್ಲ, ಎಡಿಟರ್‌ನಲ್ಲಿ ಆಫ್ ಮಾಡಿದರೆ ರೆಕಾರ್ಡಿಂಗ್ ಶುಚಿಯಾಗಿರುತ್ತದೆ.

ದೀಪ ಹತ್ತಿದರೂ ಕಂಪ್ಯೂಟರಿಗೆ ಪ್ಯಾಡ್ ಕಾಣದಿದ್ದರೆ

ಹತ್ತರಲ್ಲಿ ಹೆಚ್ಚಿನ ಸಲ ಕೇಬಲ್ ಕಾರಣ. ಅಗ್ಗದ ಚಾರ್ಜಿಂಗ್ ಕೇಬಲ್‌ಗಳಲ್ಲಿ ಕರೆಂಟಿನ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದಿಲ್ಲ. ಎರಡನೆಯ ಶಂಕಿತ ಯುಎಸ್‌ಬಿ ಹಬ್. ಹೊರಗಿನ ಅಡಾಪ್ಟರ್ ಇಲ್ಲದ ಹಬ್‌ಗೆ ಆಡಿಯೋ ಇಂಟರ್‌ಫೇಸ್ (ಮೈಕ್, ಹೆಡ್‌ಫೋನ್ ಜೋಡಿಸುವ ಪೆಟ್ಟಿಗೆ), ಹಾರ್ಡ್‌ಡಿಸ್ಕ್, ಪ್ಯಾಡ್ ಎಲ್ಲ ಸೇರಿಸಿದರೆ ಕರೆಂಟ್ ಸಾಲದೆ ನಡುನಡುವೆ ಕಡಿದು ಹೋಗುತ್ತದೆ. ವಿಂಡೋಸ್‌ನಲ್ಲಿ ಇನ್ನೊಂದು ವಿಷಯ: ಸಾಮಾನ್ಯವಾಗಿ ಒಂದು ಮಿಡಿ ಸಾಧನವನ್ನು ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ಬಳಸಬಹುದು. ಮಿಡಿ-ಆಕ್ಸ್ ತೆರೆದಿಟ್ಟು ರೀಪರ್ (ರೆಕಾರ್ಡಿಂಗ್ ಸಾಫ್ಟ್‌ವೇರ್) ಶುರು ಮಾಡಿದರೆ ರೀಪರ್‌ಗೆ ಪ್ಯಾಡ್ ಸಿಗದೆ ಹೋಗಬಹುದು. ಪರೀಕ್ಷೆ ಮುಗಿದ ಮೇಲೆ ಅದನ್ನು ಮುಚ್ಚಿ, ಪ್ಯಾಡ್ ಚುಚ್ಚಿದ ನಂತರವೇ ರೀಪರ್ ತೆರೆಯಿರಿ.

ತಟ್ಟಿದ್ದು ತಡವಾಗಿ ಕೇಳಿದರೆ

ಈ ದೂರಿಗೆ ಪ್ಯಾಡ್ ಕಾರಣವಾಗುವುದು ಅಪರೂಪ. ತಡ ಆಗುವುದು ಕಂಪ್ಯೂಟರಿನ ಆಡಿಯೋ ಬಫರ್‌ನಲ್ಲಿ, ಅಂದರೆ ಸದ್ದನ್ನು ಹೊರಗೆ ಬಿಡುವ ಮುನ್ನ ಕೂಡಿಡುವ ಜಾಗದಲ್ಲಿ. ಸೆಕೆಂಡಿಗೆ 48,000 ಸ್ಯಾಂಪಲ್ ದರದಲ್ಲಿ 128ರ ಬಫರ್ 2.7 ಮಿಲಿಸೆಕೆಂಡ್, 256 ಎಂದರೆ 5.3, 512 ಎಂದರೆ 10.7, 1024 ಎಂದರೆ 21.3. ಇದರ ಮೇಲೆ ಇಂಟರ್‌ಫೇಸ್‌ನ ತಡವೂ ಸೇರುತ್ತದೆ. ಒಟ್ಟು ಹತ್ತು ಹನ್ನೆರಡು ಮಿಲಿಸೆಕೆಂಡ್ ದಾಟಿದರೆ ತಾಳದ ಕೈಗೆ ಗೊತ್ತಾಗತೊಡಗುತ್ತದೆ, ನುಡಿಸುವವರು ತಿಳಿಯದೆಯೇ ಮುಂದೋಡುತ್ತಾರೆ.

ವಿಂಡೋಸ್‌ನಲ್ಲಿ ಇಂಟರ್‌ಫೇಸ್ ಜೊತೆ ಬಂದ, ಸದ್ದಿನ ತಡ ಕಡಿಮೆ ಮಾಡುವ ಏಸಿಯೋ ಡ್ರೈವರ್ ಹಾಕಿ. ಇಂಟರ್‌ಫೇಸ್ ಇಲ್ಲದಿದ್ದರೆ ಉಚಿತವಾದ ಏಸಿಯೋ4ಆಲ್. 128ರಿಂದ ಶುರು ಮಾಡಿ, ಚಟಪಟ ಸದ್ದು ಬಂದರೆ 256ಕ್ಕೆ ಏರಿಸಿ. ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಡ್ರಮ್ ನುಡಿಸಲು ಆಗುವುದೇ ಇಲ್ಲ: ಸಾಮಾನ್ಯವಾಗಿ ನೂರು ಮಿಲಿಸೆಕೆಂಡಿಗೂ ಮೀರಿದ ತಡ ಅದರಲ್ಲೇ ಇರುತ್ತದೆ. ಟಿವಿಯ ಸ್ಪೀಕರಿಗೆ ಎಚ್‌ಡಿಎಂಐ ಮೂಲಕ ಕಳಿಸಿದರೂ ತಡ ಆಗುತ್ತದೆ.

ನೋಟ್ ನಂಬರ್ ಹೊಂದಿಸುವುದು

ಜನರಲ್ ಮಿಡಿ ಪದ್ಧತಿಯಲ್ಲಿ ಕಿಕ್ 36, ಸ್ನೇರ್ 38, ಮುಚ್ಚಿದ ಹೈ-ಹ್ಯಾಟ್ 42, ಪೆಡಲ್ ಹೈ-ಹ್ಯಾಟ್ 44, ತೆರೆದದ್ದು 46, ಕ್ರ್ಯಾಶ್ 49, ರೈಡ್ 51. ಡ್ರಮ್‌ಗಳಿಗೆ ಹತ್ತನೆಯ ಚಾನೆಲ್. ಸಂಖ್ಯೆಯನ್ನೇ ನಂಬಿ, ಸಿ1, ಸಿ2 ಎಂಬ ಹೆಸರನ್ನು ನಂಬಬೇಡಿ. ಅದೇ 36ನ್ನು ಒಂದು ಸಾಫ್ಟ್‌ವೇರ್ ಸಿ1 ಎಂದರೆ ಇನ್ನೊಂದು ಸಿ2 ಎನ್ನುತ್ತದೆ. ಕಿಕ್ ತಟ್ಟಿದರೆ ಟಾಮ್ ಕೇಳುವ ತಾಪತ್ರಯದ ಮೂಲ ಎಷ್ಟೋ ಸಲ ಇಲ್ಲೇ.

ಉಚಿತ ಸದ್ದುಗಳಿಗೆ ಎಂಟಿ ಪವರ್ ಡ್ರಮ್‌ಕಿಟ್ 2, ಸ್ಟೀವನ್ ಸ್ಲೇಟ್ ಡ್ರಮ್ಸ್‌ನ ಉಚಿತ ಆವೃತ್ತಿ, ನಿಮ್ಮದೇ ಸ್ಯಾಂಪಲ್ ಹಾಕಲು 16 ಪ್ಯಾಡ್‌ಗಳ ಸಿತಾಲಾ. ರೀಪರ್ 60 ದಿನ ಪೂರ್ತಿ ಸೌಲಭ್ಯದೊಂದಿಗೆ ಪ್ರಯೋಗಕ್ಕೆ ಸಿಗುತ್ತದೆ. ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಇದೆ. ಇಷ್ಟು ಇದ್ದರೆ ಸಾಫ್ಟ್‌ವೇರಿಗೆ ತಕ್ಷಣ ಖರ್ಚು ಮಾಡಬೇಕಾಗಿಲ್ಲ.

ದುಡಿಯ ಸದ್ದನ್ನು ಪ್ಯಾಡಿಗೆ ತರುವುದು

ಕೊಡಗಿನಲ್ಲಿ ಕೂತು ಪ್ಯಾಡ್ ನುಡಿಸುವವರಿಗೆ ಪರದೇಶದ ಡ್ರಮ್‌ಕಿಟ್ ಮಾತ್ರ ಸಾಕಾಗಬಾರದು. ಎಡಗೈಯಲ್ಲಿ ಹಿಡಿದು ಬಲಗೈಯ ಸಣ್ಣ ಕೋಲಿನಿಂದ ಬಡಿಯುವ, ನಡು ಕಿರಿದಾದ ದುಡಿಯ ಸ್ಯಾಂಪಲ್ ಕೊಳ್ಳುವ ಲೈಬ್ರರಿಗಳಲ್ಲಿ ಹುಡುಕುವ ಬದಲು ನೀವೇ ಮಾಡಿಕೊಳ್ಳುವುದು ಸುಲಭ. ಮಳೆ ಹೋದ ಮೇಲೆ, ಬೆಳಗಿನ ಹೊತ್ತು, ಹಾಸಿಗೆ ಕಂಬಳಿಗಳಿರುವ ಕೋಣೆ ಆರಿಸಿ. ಬರಿಗೋಡೆಯ ದೊಡ್ಡ ಹಜಾರದಲ್ಲಿ ಪ್ರತಿಧ್ವನಿ ಸೇರಿಕೊಳ್ಳುತ್ತದೆ, ಅದನ್ನು ಆಮೇಲೆ ತೆಗೆಯಲಾಗದು.

ಮೈಕ್ ಚರ್ಮದಿಂದ 30ರಿಂದ 50 ಸೆಂಟಿಮೀಟರ್ ದೂರ, ನೇರ ಎದುರಿಗೆ ಬೇಡ, ಸ್ವಲ್ಪ ಓರೆ. ಮೋನೋ, 24 ಬಿಟ್, 48,000. ಅತಿ ಜೋರಿನ ಪೆಟ್ಟು ಮೈನಸ್ 6 ಡಿಬಿ ದಾಟದಂತೆ ಮಟ್ಟ ಇಡಿ. ನುಡಿಸುವವರಿಗೆ ನಾಲ್ಕು ಜೋರು ಹೇಳಿ: ಮೆಲ್ಲಗೆ, ಸಾಧಾರಣ, ಜೋರು, ಬಹಳ ಜೋರು. ಪ್ರತಿಯೊಂದಕ್ಕೂ ನಾಲ್ಕು ಪೆಟ್ಟು, ನಡುವೆ ಸದ್ದು ಪೂರ್ತಿ ಆರುವಷ್ಟು ಬಿಡುವು. ಹುರಿ ಬಿಗಿ ಹಿಡಿದ ಪೆಟ್ಟು, ಸಡಿಲ ಬಿಟ್ಟ ಪೆಟ್ಟು ಬೇರೆಬೇರೆ. ಹೀಗೆ 32 ಫೈಲ್ ಆಗುತ್ತವೆ. ಫೈಲ್‌ನ ಮೊದಲಿನ ಮೌನವನ್ನು ಪೆಟ್ಟಿನ ಅಂಚಿಗೆ ತಾಗುವಂತೆ ಕತ್ತರಿಸಿ. ಅಲ್ಲಿ ಹತ್ತು ಮಿಲಿಸೆಕೆಂಡ್ ಉಳಿಸಿದರೂ ನುಡಿಸುವಾಗ ಅಷ್ಟೇ ತಡವಾಗಿ ಕೇಳುತ್ತದೆ, ಬಫರ್ ಎಷ್ಟು ಇಳಿಸಿದರೂ ಹೋಗುವುದಿಲ್ಲ.

ರೀಪರ್‌ನ ರೀಸ್ಯಾಂಪ್ಲೊಮ್ಯಾಟಿಕ್ 5000ನಲ್ಲಿ ಪ್ರತಿ ಜೋರಿಗೂ ಒಂದೊಂದು ಪ್ರತಿ ತೆರೆದು, ನೋಟ್ ನಂಬರ್ ಒಂದೇ ಕೊಟ್ಟು, ವೆಲಾಸಿಟಿಯ ಕನಿಷ್ಠ-ಗರಿಷ್ಠವನ್ನು 1-40, 41-75, 76-105, 106-127 ಎಂದು ಹಂಚಿ. ಎಲ್ಲರ ಕೈಗೂ ಈ ಗಡಿಗಳು ಹೊಂದುವುದಿಲ್ಲ. ಮೊದಲ ದಿನದ ಪರೀಕ್ಷೆಯಲ್ಲಿ ಬರೆದಿಟ್ಟ ನಿಮ್ಮ ಸರಾಸರಿಗಳನ್ನು ನೋಡಿ ಸರಿಸಿಕೊಳ್ಳಿ. ಬೆರಳೆತ್ತಿದ ಕೂಡಲೇ ಸದ್ದು ಕಡಿಯುತ್ತಿದ್ದರೆ ಅದರಲ್ಲಿರುವ ಒಬೇ ನೋಟ್-ಆಫ್ಸ್ ಎಂಬ ಗುರುತು ತೆಗೆಯಿರಿ.

ತಾಳದ ವಿಷಯ. ವಾಲಗದ ಕುಣಿತದಂಥ ಆರರ ನಡೆಯನ್ನು 4/4ರ ಪ್ರಾಜೆಕ್ಟಿನಲ್ಲಿ ನುಡಿಸಿ ಹದಿನಾರರ ಗ್ರಿಡ್‌ಗೆ ಕ್ವಾಂಟೈಜ್ ಮಾಡಿದರೆ (ಪೆಟ್ಟುಗಳನ್ನು ಗ್ರಿಡ್‌ನ ಗೆರೆಗಳಿಗೆ ಎಳೆದು ಕೂರಿಸಿದರೆ) ಅದರ ತೂಗಾಟವೇ ಸತ್ತುಹೋಗುತ್ತದೆ. ಪ್ರಾಜೆಕ್ಟನ್ನು ಮೊದಲೇ 6/8ಕ್ಕೆ ಇಡಿ, ಕ್ವಾಂಟೈಜ್ ಬಲವನ್ನು ನೂರಕ್ಕೆ ಬದಲು 50-60ಕ್ಕೆ ನಿಲ್ಲಿಸಿ. ಇನ್ನೂ ಒಂದು ಮಾತನ್ನು ಮನಃಪೂರ್ವಕವಾಗಿ ಹೇಳಬೇಕು: ಹಿರಿಯರಿಂದ ಪೆಟ್ಟುಗಳನ್ನು ರೆಕಾರ್ಡ್ ಮಾಡಿಕೊಳ್ಳುವಾಗ ಅದನ್ನು ಯಾತಕ್ಕೆ ಬಳಸುತ್ತೀರಿ ಎಂದು ಹೇಳಿ, ಒಪ್ಪಿಗೆ ಪಡೆಯಿರಿ. ಯಾವ ನಡೆ ಮದುವೆಯದು, ಯಾವುದು ಸಾವಿನ ಮನೆಯದು ಎಂದು ಅವರಿಂದಲೇ ಕೇಳಿ ತಿಳಿಯಿರಿ. ಸಾವಿನ ಬಡಿತವನ್ನು ಕುಣಿತದ ಟ್ರ್ಯಾಕಿನೊಳಗೆ ಹಾಕಿದರೆ ಊರಿನವರ ಮನಸ್ಸು ನೋಯುತ್ತದೆ.

ಮಳೆಗಾಲ, ತೇವ, ಕರೆಂಟ್

ಜುಲೈ, ಆಗಸ್ಟ್‌ನಲ್ಲಿ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವ ಮನೆಯಲ್ಲಿ ಪ್ಯಾಡನ್ನು ಮೇಜಿನ ಮೇಲೆ ಬಿಡಬಾರದು. ತೇವ ಒಳಗೆ ಸೇರಿದರೆ ಸಂಪರ್ಕದ ಹಾಳೆಗಳು ಹದ ತಪ್ಪುತ್ತವೆ: ಪ್ಯಾಡ್ ತಾನಾಗಿ ನುಡಿಯುತ್ತದೆ, ಇಲ್ಲವೇ ಒಂದು ಮೂಲೆ ಸತ್ತಂತಾಗುತ್ತದೆ. ರಬ್ಬರ್ ಪಟ್ಟಿಯ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ 100 ಗ್ರಾಂ ಸಿಲಿಕಾ ಜೆಲ್ ಇಟ್ಟು ಅದರೊಳಗೆ ಪ್ಯಾಡ್ ಇಡಿ. ಬಣ್ಣ ಬದಲಾಗುವ ಜಾತಿಯ ಜೆಲ್ ಕೊಂಡರೆ ಯಾವಾಗ ಒಣಗಿಸಬೇಕೆಂದು ತಿಳಿಯುತ್ತದೆ. ಒಣಗಿಸಬೇಕಾದದ್ದು ಜೆಲ್ಲನ್ನು. ಪ್ಯಾಡನ್ನು ಒಲೆಯ ಬಳಿ, ಕೋಣೆಯ ಹೀಟರ್ ಮುಂದೆ ಇಡಬೇಡಿ: ರಬ್ಬರ್ ಗಟ್ಟಿಯಾಗುತ್ತದೆ, ಮೈ ಸೊಟ್ಟಗಾಗುತ್ತದೆ.

ಡಬ್ಬಿಯಿಂದ ತೆಗೆದ ದಿನ ಪ್ಯಾಡ್ ತಾನಾಗಿ ನುಡಿದರೆ ಮೊದಲು ಹತ್ತಿರದ ಸ್ಪೀಕರಿನ ಸದ್ದು ಇಳಿಸಿ ನೋಡಿ, ಎಷ್ಟೋ ಸಲ ಮೇಜಿನ ಕಂಪನವೇ ಕಾರಣ. ಅದಲ್ಲವಾದರೆ ಜೆಲ್ ಜೊತೆ ಎರಡು ಮೂರು ದಿನ ಮುಚ್ಚಿಟ್ಟು ಮತ್ತೆ ಪರೀಕ್ಷಿಸಿ. ಆಮೇಲೂ ಸರಿಹೋಗದಿದ್ದರೆ ಮಾತ್ರ ಥ್ರೆಶೋಲ್ಡ್ ಏರಿಸುವುದು, ಇಲ್ಲವೇ ಬಿಚ್ಚಿಸುವುದು. ಪ್ಯಾಡ್ ಒರೆಸಲು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ ಸಾಕು. ಪೆಟ್ರೋಲ್, ಥಿನ್ನರ್ ತಾಗಿಸಬೇಡಿ.

ಕರೆಂಟ್ ಹೋಗಿ ಬರುವ ದಿನಗಳಲ್ಲಿ ಲ್ಯಾಪ್‌ಟಾಪ್ ಮತ್ತು ಯುಎಸ್‌ಬಿ ಪ್ಯಾಡ್ ಒಳ್ಳೆಯ ಜೋಡಿ, ಬ್ಯಾಟರಿ ಇರುವ ತನಕ ಕೆಲಸ ನಿಲ್ಲುವುದಿಲ್ಲ. ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಹೆಡ್‌ಫೋನ್‌ನಲ್ಲಿ ಗುಂಯ್ ಎನ್ನುವ ಸದ್ದು ಬಂದರೆ ಚಾರ್ಜರ್ ತೆಗೆದು ನೋಡಿ, ಸದ್ದು ಹೋದರೆ ಅದು ಚಾರ್ಜರ್ ದಾರಿಯಿಂದಲೇ ಬರುತ್ತಿದೆ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಚಾರ್ಜರನ್ನೂ ಇಂಟರ್ನೆಟ್ ತಂತಿಯನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು, ಸಿಡಿಲು ಆ ಸಣ್ಣ ಅಂತರವನ್ನು ದಾಟುತ್ತದೆ.

ಹಳೆಯದನ್ನು ಕೊಳ್ಳುವುದಾದರೆ

ಬಳಸಿದ ಪ್ಯಾಡ್‌ನಲ್ಲಿ ಮೊದಲು ಸಾಯುವುದು ಕಿಕ್ ಮತ್ತು ಸ್ನೇರ್ ಇದ್ದ ಪ್ಯಾಡ್‌ಗಳು, ಹೆಚ್ಚಾಗಿ ಕೆಳಸಾಲಿನ ಎಡಭಾಗ. ಮಾರುವವರಿಂದ ಪ್ರತಿ ಪ್ಯಾಡನ್ನೂ ಮೆಲ್ಲಗೆ, ಜೋರಾಗಿ ತಟ್ಟಿ ಪರದೆಯ ವೆಲಾಸಿಟಿ ಸಂಖ್ಯೆ ಕಾಣುವಂತೆ ವಿಡಿಯೋ ಕೇಳಿ. ದೀಪ ಹತ್ತುವುದನ್ನು ಮಾತ್ರ ತೋರಿಸಿದರೆ ಒಪ್ಪಬೇಡಿ. ಯುಎಸ್‌ಬಿ ತಂತಿ ಅಲುಗಾಡಿಸಿದಾಗ ದೀಪ ಮಿಣುಕಿದರೆ ಸಾಕೆಟ್‌ನ ಬೆಸುಗೆ ಬಿಟ್ಟಿದೆ. ಮೊಬೈಲ್ ರಿಪೇರಿ ಮಾಡುವವರು ಅದನ್ನು ಹಾಕಿಕೊಡಬಲ್ಲರು, ಬೆಲೆಯಲ್ಲಿ ಅಷ್ಟು ಇಳಿಸಿ ಕೇಳಿ. ಗುಬ್ಬಿ ಮುಟ್ಟದೆಯೇ ಮಿಡಿ ಮಾನಿಟರ್‌ನಲ್ಲಿ ಅಂಕಿ ಕುಣಿಯುತ್ತಿದ್ದರೆ ಆ ಗುಬ್ಬಿ ಸವೆದಿದೆ. ಡ್ರಮ್ ನುಡಿಸಲು ಅದು ಅಡ್ಡಿಯಲ್ಲ, ಎಡಿಟರ್‌ನಲ್ಲಿ ಬಳಕೆಯಿಲ್ಲದ ಕಂಟ್ರೋಲ್ ನಂಬರಿಗೆ ಅದನ್ನು ಸರಿಸಿಬಿಡಬಹುದು. ಸತ್ತ ಪ್ಯಾಡ್ ಒಂದೇ ಇದ್ದು ಉಳಿದ 15 ಒಂದೇ ಸಮ ಸ್ಪಂದಿಸುತ್ತಿದ್ದರೆ, ಬೆಲೆ ಅರ್ಧಕ್ಕೆ ಇಳಿದರೆ, ಕೊಳ್ಳಬಹುದು. ಎಲ್ಲ ಪ್ಯಾಡ್‌ಗಳೂ ನುಡಿದು ಒಂದಕ್ಕೊಂದು ಸಮ ಇಲ್ಲದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.